ಹುಣಸಿಗಡ್ಡಿಯಲ್ಲಿ ತೋಟ ಹಾಕಿದ್ದು

ತೋಟಗಾರಿಕೆ ಇಲಾಖೆಗೆ ಹೊಸದಾಗಿ ಸೇರಿದವರು ಆಗೀಗ ನಾರಾಯಣಪೇಟೆಯ ನಮ್ಮ ಮನೆಗೆ ಬರುತ್ತಾರೆ. ಕಸಿ ಕಟ್ಟುವುದು, ಗುಂಡಿ ತೋಡುವುದು, ಹನಿ ನೀರಾವರಿ ಎಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರು ಕೇಳುವುದು ಯಾವ ಊರಿಗೆ ಹಾಕಿಸಿಕೊಂಡರೆ ಒಳ್ಳೆಯದು, ಮೇಲಿನವರು ಹೇಗೆ, ಹಳ್ಳಿಗೆ ಬಸ್ಸು ಇದೆಯೋ ಇಲ್ಲವೋ ಎಂಬಂಥ ಮಾತು. ಕೆಲಸದಲ್ಲಿ ಜೀವಭಯವಾದರೆ ಏನು ಮಾಡಬೇಕೆಂದು ಇದುವರೆಗೆ ಯಾರೂ ಕೇಳಿಲ್ಲ. ಆ ವಯಸ್ಸಿನಲ್ಲಿ ನಾನೂ ಕೇಳಿರಲಿಲ್ಲ. ಗಿಡ ನೆಡುವ ಕೆಲಸದಲ್ಲಿ ಭಯ ಎಲ್ಲಿಂದ ಬರಬೇಕು ಎಂದುಕೊಂಡಿದ್ದೆ.

ನನ್ನನ್ನು ಕೆಲಸಕ್ಕೆ ಹಾಕಿದ್ದು ಮೊದಲು ಮಾನೋಪಾಡು, ವಡ್ಡೆಪಲ್ಲಿ, ಆಮೇಲೆ ಇಟಿಕ್ಯಾಲ. ಮೆಣಸಿನಕಾಯಿ ಹೊಲಗಳಲ್ಲಿ ಬಿಸಿಲು ಕುಡಿದು ಓಡಾಡಿದ ವರ್ಷಗಳವು. ಹಾವು ಕಂಡಿದ್ದೇನೆ, ಚೇಳು ಕಡಿಸಿಕೊಂಡಿದ್ದೇನೆ, ಬೆಳೆ ಹಾಳಾಯಿತೆಂದು ಕುಡಿದು ಬಂದು ಕೂಗಾಡಿದವರ ಎದುರು ನಿಂತಿದ್ದೇನೆ. ನೆಲದ ಮೇಲಿನ ಯಾವುದಕ್ಕೂ ನಾನು ಅಷ್ಟಾಗಿ ಹೆದರುವವಳಲ್ಲ. ನನಗೆ ಹೆದರಿಕೆ ಇದ್ದದ್ದು ನೀರಿನದು. ಚಿಕ್ಕವಳಿದ್ದಾಗ ಮಂತ್ರಾಲಯದಲ್ಲಿ ಸ್ನಾನಕ್ಕಿಳಿದು, ಪಾಚಿಯ ಕಲ್ಲಿನ ಮೇಲೆ ಕಾಲು ಜಾರಿ ಮುಳುಗಿದ್ದೆ. ಕಣ್ಣು ತೆರೆದೇ ಇತ್ತು. ಮೇಲೆ ಹಸಿರು ಬೆಳಕು, ಅದರಾಚೆ ಅಮ್ಮನ ಸೀರೆಯ ಅಂಚು ತೇಲುತ್ತಿತ್ತು. ಯಾರೋ ಕೂದಲು ಹಿಡಿದು ಎಳೆದರು. ಅಂದಿನಿಂದ ಮೊಣಕಾಲಿಗಿಂತ ಮೇಲೆ ಬರುವ ನೀರಿಗೆ ನಾನು ಇಳಿದವಳಲ್ಲ. ದಫ್ತರದಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ಸಂದರ್ಭವೇ ಬಂದಿರಲಿಲ್ಲ, ಮಕ್ತಲ್‌ಗೆ ವರ್ಗವಾಗುವ ತನಕ.

ಮಕ್ತಲ್‌ನಲ್ಲಿ ನಮ್ಮ ಮೇಲಿನ ಅಧಿಕಾರಿ ರಹೀಂ ಸಾಹೇಬರು. ಗದ್ವಾಲದವರು, ದಖನಿ ಬೆರೆತ ಕನ್ನಡ ಮಾತಾಡುತ್ತಿದ್ದರು. ಒಂದು ದಿನ ಕರೆದು, ಮೇಜಿನ ಮೇಲೆ ಒಂದು ನಕ್ಷೆ ಹರಡಿ ಹೇಳಿದರು.

"ರಾಘಮ್ಮ, ನದಿಯಾಗ ಹುಣಸಿಗಡ್ಡಿ ಅಂತ ಐತಲ್ಲ, ಅಲ್ಲಿ ಬಾಗ್ ಮಾಡಾಕ ಹುಕುಂ ಬಂದೈತಿ. ಪ್ಯಾರಲ, ಮೋಸಂಬಿ, ಸೀತಾಫಲ, ಬಾಳಿ. ಕೆಳಗ ಕಾಯಿಪಲ್ಲೆ. ನೀವು ನೋಡ್ಕೋಬೇಕು."

"ನಡುಗಡ್ಡೆಗೆ ಹೋಗಲಿಕ್ಕೆ ದಾರಿ ಹ್ಯಾಂಗ ಅದ ಸರ್?"

"ಹರಗೋಲು," ಎಂದವರು ಕನ್ನಡಕ ತೆಗೆದು ಒರೆಸತೊಡಗಿದರು. ನನ್ನ ಮುಖ ನೋಡಲಿಲ್ಲ. ತಾವು ಇದುವರೆಗೆ ಆ ಕಡೆ ಹೋಗಿಲ್ಲವೆಂದು ಆಮೇಲೆ ಮೆಲ್ಲಗೆ ಹೇಳಿದರು.

ಹುಣಸಿಗಡ್ಡಿ ಎಂದರೆ ಕೃಷ್ಣೆ ಎರಡಾಗಿ ಒಡೆದು ಹರಿಯುವಲ್ಲಿ ನಡುವೆ ಉಳಿದ ನೆಲ. ರಾಯಚೂರಿನ ಕಡೆಗೆ ದೊಡ್ಡ ಹರಿವು, ನಮ್ಮ ಕಡೆಗೆ ಸಣ್ಣದು. ನಡುವೆ ಎತ್ತರದ ಕಲ್ಲುದಿಬ್ಬ, ಅದರ ಮೇಲೆ ಬೀರಪ್ಪನ ಗುಡಿ, ಕೆಲವು ಹಳೆಯ ಹುಣಸೆಮರ. ದಿಬ್ಬದಿಂದ ಇಳಿಜಾರಾಗಿ ಕಪ್ಪುಮಣ್ಣು, ಅಂಚಿಗೆ ಮರಳು. ಅಲ್ಲಿ ಒಂದೇ ಮನೆ ಇತ್ತು. ಮೈಲಾರಪ್ಪ ಮತ್ತು ಅವನ ಹೆಂಡತಿ ಸಾಬವ್ವ. ಕುರಿ ಕಾಯುವವರು. ನೆಲ ಅವರ ಹೆಸರಿನಲ್ಲೇ ಇತ್ತು. ಕುರಿಗಳ ಹಿಂದೆ ಊರೂರು ಅಲೆದು ಸಾಬವ್ವನಿಗೆ ಸಾಕಾಗಿತ್ತು. ಒಂದು ಕಡೆ ಬೇರುಬಿಟ್ಟು ಕೂರಬೇಕೆಂಬುದು ಅವಳ ಆಸೆ. ತೋಟಕ್ಕೆ ಅರ್ಜಿ ಹಾಕಿಸಿದವಳೂ ಅವಳೇ.

ಹರಗೋಲು ನಡೆಸುವವನು ಭೀಮಣ್ಣ, ಮುದುಕ, ಮಾತು ಕಡಿಮೆ. ಮೊದಲ ದಿನ ಹತ್ತಿದಾಗ ಅದು ಬುಟ್ಟಿಯಂತೆ ತೂಗಾಡಿತು. ನಾನು ಎರಡೂ ಕೈಯಿಂದ ಅಂಚು ಹಿಡಿದು, ಕಾಲ ಬೆರಳು ಮಡಚಿ ಕುಳಿತೆ. ನೀರು ನನ್ನ ಮೊಣಕೈಗೆ ಅಷ್ಟು ಹತ್ತಿರ. ಅದನ್ನು ನೋಡಬಾರದೆಂದು ದಂಡೆಯ ಕಡೆ ದೃಷ್ಟಿ ಇಟ್ಟಿದ್ದೆ.

"ಭೀಮಣ್ಣ, ಅಲ್ಲಿ ಚಪ್ಪಟೆ ಕಲ್ಲು ಅದ ನೋಡ್ರಿ. ಅಲ್ಲಿಗೆ ಹಚ್ಚಿದ್ರ ಇಳೀಲಿಕ್ಕೆ ಸಲೀಸಾಗ್ತದ."

ಅವನು ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ. "ಅದು ಕಲ್ಲಲ್ರಿ ಅಕ್ಕಾರ."

ಕಲ್ಲು ಬಾಯಿ ತೆರೆಯಿತು. ಹಾಗೆಯೇ ತೆರೆದುಕೊಂಡು ಬಿಸಿಲು ಕಾಯುತ್ತ ಬಿದ್ದಿತ್ತು. ಒಳಗಿನ ಹಳದಿ ಬಣ್ಣ ಕೂಡ ಕಾಣುತ್ತಿತ್ತು. ಅಂಚು ಹಿಡಿದಿದ್ದ ಕೈಗಳನ್ನು ಮಡಿಲಿಗೆ ಎಳೆದುಕೊಂಡೆ.

"ಎಷ್ಟು ಅದಾವ?" ಎಂದು ಕೊನೆಗೆ ಕೇಳಿದೆ.

"ನೀರಾಗಿನವು ಯಾರು ಎಣಿಸ್ಯಾರ್ರಿ?" ಎಂದ ಭೀಮಣ್ಣ.

ಆ ದಿನ ಗಡ್ಡಿಯ ಮೇಲೆ ಏನು ನೋಡಿದೆ, ಏನು ಅಳೆದೆ ನೆನಪಿಲ್ಲ. ಮರಳಿ ದಾಟಬೇಕಲ್ಲ ಎಂಬುದೊಂದೇ ತಲೆಯಲ್ಲಿತ್ತು. ಸಾಬವ್ವ ಮಜ್ಜಿಗೆ ಕೊಟ್ಟಳು. ಸೀರೆಯ ಮೇಲೆ ಚೆಲ್ಲಿಕೊಂಡೆ. ಉಳಿದದ್ದನ್ನು ಕುಡಿಯುವ ತನಕ ಲೋಟವನ್ನು ಅವಳೇ ಹಿಡಿದುಕೊಂಡು ನಿಂತಳು.

ಬೇಸಿಗೆಯಲ್ಲಿ ಗುಂಡಿ ತೋಡುವ ಕೆಲಸ ಶುರುವಾಯಿತು. ದಫ್ತರದ ನಕ್ಷೆಯಲ್ಲಿ ಸಾಲುಗಳು ದಾರ ಹಿಡಿದಂತೆ ನೇರ ಇದ್ದವು, ಕಪ್ಪುಮಣ್ಣು ದಾಟಿ ಮರಳಿನ ದಿಬ್ಬದ ತನಕ. ನಾವೂ ಹಗ್ಗ ಕಟ್ಟಿ ನೇರ ಹೋದೆವು. ಒಂದು ಬೆಳಿಗ್ಗೆ ಮರಳಿನಲ್ಲಿ ಸಾಬವ್ವ ಹಾರೆ ಹಾಕಿದಾಗ ಏನೋ ಪಿಚಕ್ಕನೆ ಒಡೆದ ಸದ್ದಾಯಿತು. ಬಗ್ಗಿ ಮರಳು ಸರಿಸಿದಳು. ಬಿಳಿಯ ಮೊಟ್ಟೆಗಳು, ಕೋಳಿಮೊಟ್ಟೆಗಿಂತ ದೊಡ್ಡವು, ಒತ್ತೊತ್ತಾಗಿ.

"ಅಕ್ಕಾರ, ಹಿಂದ ನೋಡಬ್ಯಾಡ್ರಿ. ಮ್ಯಾಲ ನಡೀರಿ," ಎಂದು ಅವಳು ಅತ್ಯಂತ ಮೆಲ್ಲಗೆ ಹೇಳಿದಳು.

ನೋಡಬೇಡ ಎಂದರೆ ನೋಡದಿರುವವರು ಯಾರು? ನೀರಿನಿಂದ ಅದು ಆಗಲೇ ಅರ್ಧ ಮೇಲೆ ಬಂದಿತ್ತು. ಹೊಟ್ಟೆ ನೆಲಕ್ಕೆ ತಾಗದಂತೆ ಕಾಲು ಎತ್ತಿ ನಿಂತು ಬುಸ್ ಎಂದಿತು. ಕಮ್ಮಾರನ ತಿದಿ ಒತ್ತಿದಾಗ ಬರುವಂಥ ಸದ್ದು. ನಾನು ಓಡಿದ್ದು ಮಾತ್ರ ಗೊತ್ತು. ಚಪ್ಪಲಿ ಎಲ್ಲಿ ಹೋಯಿತೋ, ಸೀರೆ ಜಾಲಿಮುಳ್ಳಿಗೆ ಎಲ್ಲಿ ಸಿಕ್ಕಿತೋ. ಗುಡಿಯ ಕಟ್ಟೆ ಹತ್ತಿ ತಿರುಗಿ ನೋಡಿದರೆ ಅದು ಗುಂಡಿಯ ಪಕ್ಕ ಕೂತಿತ್ತು. ಸಂಜೆಯಾದರೂ ಏಳಲಿಲ್ಲ.

ಸಾಹೇಬರಿಗೆ ಫೋನು ಮಾಡಿ ಹೇಳಿದೆ. ಆ ಕಡೆ ಕಾಗದ ಮಗುಚುವ ಸದ್ದು.

"ನಕ್ಷಾದಾಗ ಮೊಸಳಿ ತೋರಿಸಿಲ್ಲಲ್ರಿ," ಎಂದರು.

"ಮೊಸಳಿಗೂ ನಕ್ಷೆ ತೋರಿಸಲಿಕ್ಕೆ ಆಗಲಿಲ್ಲ ಸರ್," ಎಂದೆ. ನನಗೇ ಅಚ್ಚರಿಯಾಗುವಂತೆ ನಗು ಬಂತು. ಅವರೂ ನಕ್ಕರು. ಆಮೇಲೆ, "ಮರಳು ಬಿಟ್ಟುಬಿಡ್ರಿ. ಸಾಲು ಸೊಟ್ಟಾದ್ರ ಆಗಲಿ, ನಾ ಮ್ಯಾಲ ಉತ್ತರ ಕೊಡ್ತೀನಿ," ಎಂದರು. ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಮಾತಿನಿಂದ. ನೆಲ ನೋಡದೆ ಬರೆದ ನಕ್ಷೆಯನ್ನೇ ಹಿಡಿದುಕೂರುವ ಅಧಿಕಾರಿಗಳನ್ನು ಅದಕ್ಕೂ ಮೊದಲು, ಆಮೇಲೂ ಬೇಕಾದಷ್ಟು ಕಂಡಿದ್ದೇನೆ.

ಮಳೆ ಬಿದ್ದ ಮೇಲೆ ಸಸಿಗಳು ಹರಗೋಲಿನಲ್ಲಿ ದಾಟಿದವು. ಸಸಿಯ ಬುಟ್ಟಿಗಳ ನಡುವೆ ನಾನು ಮುದುಡಿ ಕೂರುತ್ತಿದ್ದೆ. ಮಣ್ಣಿನ ವಾಸನೆ ಮೂಗಿಗೆ ಬಡಿದರೆ ನೀರು ಮರೆಯುತ್ತದೆಂದು ಕಂಡುಕೊಂಡಿದ್ದೆ. ಪೇರಲ ಚೆನ್ನಾಗಿ ಹಿಡಿಯಿತು. ಸೀತಾಫಲ ಕಲ್ಲುಮಣ್ಣಿನಲ್ಲೂ ಚಿಗುರಿತು. ಮೋಸಂಬಿಗೆ ಮಾತ್ರ ಆ ಮಣ್ಣು ಒಗ್ಗಲಿಲ್ಲ. ಎಲೆ ಹಳದಿಯಾಗಿ ನಿಂತಿತು. ಮಳೆಗಾಲ ಮುಗಿದ ಮೇಲೆ ನದಿಯಿಂದ ನೀರೆತ್ತಲು ಡೀಸೆಲ್ ಎಂಜಿನ್ ಬಂತು. ನೀರಿನಲ್ಲಿ ಮುಳುಗಿರುವ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ. ಅದಕ್ಕೆ ಪಾಚಿ ಕಟ್ಟಿಕೊಂಡರೆ ನೀರು ಏರುವುದಿಲ್ಲ. ಆಗ ಯಾರಾದರೂ ನೀರಿಗಿಳಿದು ತೆಗೆಯಬೇಕು. ಎಲ್ಲ ಊರಲ್ಲೂ ಹಾಗೆಯೇ ಮಾಡುತ್ತಾರೆ. ನಾವೂ ಹಾಗೆಯೇ ಮಾಡುತ್ತಿದ್ದೆವು.

ಆ ಬೆಳಿಗ್ಗೆ ನಾನು ಮೋಸಂಬಿ ಎಲೆ ತಿರುಗಿಸಿ ನೋಡುತ್ತಿದ್ದೆ. ಎಂಜಿನ್ ಬರಿದೇ ಓಡುತ್ತಿದ್ದ ಸದ್ದು ನಿಂತಿತು. ಮೈಲಾರಪ್ಪ ಧೋತರ ಎತ್ತಿ ಕಟ್ಟಿ ನೀರಿಗಿಳಿದದ್ದು ಕಂಡಿತು. ಆಮೇಲೆ ಕೇಳಿದ್ದು ಕೂಗಲ್ಲ. ಬಟ್ಟೆ ಒಗೆಯುವಾಗ ಕಲ್ಲಿಗೆ ಬಡಿದಂಥ ಒಂದು ಸದ್ದು. ತಲೆಯೆತ್ತಿದಾಗ ಅವನು ಎರಡೂ ತೋಳಿನಿಂದ ಕೊಳವೆಯನ್ನು ಅಪ್ಪಿಕೊಂಡಿದ್ದ. ಕೊಳವೆ ನದಿಯ ಕಡೆಗೆ ಬಾಗುತ್ತಿತ್ತು.

ಸಾಬವ್ವ ಆಗಲೇ ನೀರಿನಲ್ಲಿದ್ದಳು. ಅವನ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಜಗ್ಗುತ್ತಿದ್ದಳು.

"ಅಕ್ಕಾರ, ನನ್ನ ಹಿಡೀರಿ! ನನ್ನ ಹಿಡೀರಿ!"

ಅವಳು ಕೇಳಿದ್ದು ಅವನನ್ನಲ್ಲ, ತನ್ನನ್ನು ಹಿಡಿಯಿರಿ ಎಂದು. ಹೇಗೆ ಇಳಿದೆನೋ ಗೊತ್ತಿಲ್ಲ. ನೀರು ಸೊಂಟಕ್ಕೆ ಬಂದ ತಣ್ಣಗಿನ ನೆನಪಷ್ಟೇ ಇದೆ. ಅವಳ ನಡು ಬಳಸಿ ಹಿಂದಕ್ಕೆ ಜೋತುಬಿದ್ದೆ. ನಮ್ಮ ಮೂವರನ್ನೂ ಯಾವುದೋ ಒಂದು ಶಕ್ತಿ ಸಾವಕಾಶವಾಗಿ, ಅವಸರವೇ ಇಲ್ಲದೆ, ಒಳಕ್ಕೆ ಎಳೆಯುತ್ತಿತ್ತು. ಕಾಲ ಕೆಳಗಿನ ಕೆಸರು ಜಾರುತ್ತಿತ್ತು. ಅದಕ್ಕಿಂತ ದೊಡ್ಡ ಭಯ ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಆಗ ಭೀಮಣ್ಣ ಹರಗೋಲನ್ನು ನೇರವಾಗಿ ನಮ್ಮ ಮೇಲೆಯೇ ತಂದು, ಬಿದಿರಿನ ಗಳದಿಂದ ನೀರಿನೊಳಗೆ ಕುಟ್ಟತೊಡಗಿದ. ಎಲ್ಲಿ ತಗುಲಿತೋ, ಒಮ್ಮೆಲೇ ಎಳೆತ ನಿಂತಿತು. ನಾವು ಮೂವರೂ ಹಿಂದಕ್ಕೆ ದಂಡೆಯ ಮೇಲೆ ಬಿದ್ದೆವು.

ಮೈಲಾರಪ್ಪನ ಮೀನಖಂಡ ಹರಿದುಹೋಗಿತ್ತು. ಅವನದೇ ರುಮಾಲಿನಿಂದ ಬಿಗಿದು ಕಟ್ಟಿ ಹರಗೋಲಿನಲ್ಲಿ ಮಲಗಿಸಿದೆವು. ಅದೇ ನೀರನ್ನು ದಾಟಿ ಹೋಗಬೇಕಿತ್ತು, ಬೇರೆ ದಾರಿ ಇರಲಿಲ್ಲ. ರುಮಾಲನ್ನು ನಾನು ಒತ್ತಿ ಹಿಡಿದಿದ್ದೆ. ನನ್ನ ಬೆರಳ ಸಂದಿಯಿಂದ ರಕ್ತ ಹರಗೋಲಿನ ತಳಕ್ಕೆ ಇಳಿಯುತ್ತಿತ್ತು. ಅವನು ನೋವು ಎನ್ನಲಿಲ್ಲ. ಕತ್ತೆತ್ತಿ ನೀರನ್ನೇ ನೋಡುತ್ತಿದ್ದ.

"ಅಕ್ಕಾರ, ಹಿಂದ ಬರಾಕ ಹತ್ತೈತೇನ್ರಿ?"

"ಇಲ್ಲ," ಎಂದೆ, ನೋಡದೆಯೇ. ಆಮೇಲೆ ನೋಡಿದೆ. ನಮ್ಮ ಹಿಂದೆ ನೀರ ಮೇಲೆ ಗುಳ್ಳೆಗಳು ಏಳುತ್ತಿದ್ದವು. ಹರಗೋಲಿನದೋ, ಅದರದೋ, ನನಗೆ ತಿಳಿಯಲಿಲ್ಲ. ಭೀಮಣ್ಣನೂ ನೋಡಿದ. ಹುಟ್ಟು ಇನ್ನೂ ಜೋರಾಗಿ ಹಾಕತೊಡಗಿದ.

ಮಕ್ತಲ್‌ನ ದವಾಖಾನೆಯಲ್ಲಿ ಹೊಲಿಗೆ ಹಾಕಿ ರಾಯಚೂರಿಗೆ ಕಳಿಸಿದರು. ಕಾಲು ಉಳಿಯಿತು. ಕುಂಟು ಉಳಿಯಿತು. ಆದರೆ ಮೈಲಾರಪ್ಪ ಗಡ್ಡಿಗೆ ಮರಳಲಿಲ್ಲ. ಈ ದಂಡೆಯ ಬೇವಿನ ಮರದ ಕೆಳಗೆ ಗುಡಿಸಲು ಹಾಕಿಕೊಂಡು ಕೂತ. ಹರಗೋಲಿನ ಬಳಿಗೂ ಬರುತ್ತಿರಲಿಲ್ಲ. ಸಾಬವ್ವ ಕುರಿಗಳನ್ನೂ ತೋಟವನ್ನೂ ಒಬ್ಬಳೇ ನೋಡಿಕೊಂಡಳು. ನಾನು ಆ ಕಡೆ ಹೋಗುವಾಗ ಇವನು ಏನಾದರೂ ಕಳಿಸುತ್ತಿದ್ದ: ತಂಬಾಕು, ಒಂದು ಪೊಟ್ಟಣ ಉಪ್ಪು. ಬರುವಾಗ ಅವಳು ರೊಟ್ಟಿ ಕಳಿಸುತ್ತಿದ್ದಳು. ಅವನ ಹತ್ತಿರ ಫೋನು ಇರಲಿಲ್ಲ, ಇಬ್ಬರೂ ಸಂಜೆ ಹೊತ್ತು ತಮ್ಮ ತಮ್ಮ ದಂಡೆಯಲ್ಲಿ ನಿಂತು ಕೂಗಿ ಮಾತಾಡುತ್ತಿದ್ದರಂತೆ. ಸಂಸಾರದ ಮಾತನ್ನೆಲ್ಲ ನದಿಯ ಅಗಲಕ್ಕೆ ಕೂಗಿ ಹೇಳುವುದು ಹೇಗಿರುತ್ತದೋ ನಾನರಿಯೆ.

ಒಂದು ಸಲ ಬೇವಿನ ಮರದ ಕೆಳಗೆ ಅವನ ಹತ್ತಿರ ಕೂತೆ.

"ಅಂಜುಬುರುಕ ಅಂತ ಊರಾಗ ನಗತಾರ್ರಿ ಅಕ್ಕಾರ."

"ನನಗೂ ನೀರಂದ್ರ ಅಂಜಿಕಿ ಮೈಲಾರಪ್ಪ. ಸಣ್ಣಾಕಿ ಇದ್ದಾಗಿಂದ."

ಅವನು ನಂಬಲಿಲ್ಲ. "ಮತ್ತ ವಾರವಾರ ಹೋಗ್ತೀರಲ್ರಿ?"

"ಪಗಾರ ಕೊಡ್ತಾರ, ಹೋಗ್ತೀನಿ."

"ನನಗ ಯಾರೂ ಕೊಡಂಗಿಲ್ಲ ನೋಡ್ರಿ," ಎಂದು ನಕ್ಕ. ಆ ಘಟನೆಯ ನಂತರ ಅವನು ನಕ್ಕದ್ದನ್ನು ನಾನು ಕಂಡದ್ದು ಅಂದೇ ಮೊದಲು. ನನ್ನ ಹೆದರಿಕೆಯನ್ನು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಿದ್ದೂ ಅಂದೇ ಮೊದಲು.

ಆಮೇಲೆ ನಮ್ಮ ಕೆಲಸದ ರೀತಿ ಬದಲಾಯಿತು. ಇದನ್ನು ಹೊಸಬರು ಮುಖ್ಯವಾಗಿ ಗಮನಿಸಬೇಕು. ಕೊಳವೆಯ ಬಾಯಿಯನ್ನು ಹಗ್ಗಕ್ಕೆ ಕಟ್ಟಿ, ಖಾಲಿ ಡಬ್ಬಗಳ ಮೇಲೆ ತೇಲಿಬಿಟ್ಟೆವು. ಪಾಚಿ ಕಟ್ಟಿದರೆ ದಂಡೆಯಿಂದಲೇ ಎಳೆದು ತೆಗೆಯುವಂತೆ ಮಾಡಿದೆವು. ಕೊಡ ತುಂಬುವ ಕಡೆ ನೀರಿನೊಳಕ್ಕೇ ಜಾಲಿಮುಳ್ಳಿನ ಬೇಲಿ ಇಳಿಸಿದೆವು. ಇಲಾಖೆಯ ಯಾವ ಸೂಚನೆಯಲ್ಲೂ ಇವು ಇರಲಿಲ್ಲ. ಸಾಹೇಬರು ಇವನ್ನೂ ತೋಟದ ಖರ್ಚಿಗೇ ಸೇರಿಸಿ ಮಂಜೂರು ಮಾಡಿಸಿಕೊಂಡರು.

ಮುಂದಿನ ಮಳೆಗಾಲ ನದಿ ಸುಮ್ಮನೆ ಹೋಯಿತು. ಅದರ ಮುಂದಿನ ಮಳೆಗಾಲದಲ್ಲಿ ಪೇರಲ ತಲೆಯೆತ್ತರ ಬೆಳೆದು, ಮೊದಲ ಸಲ ತುಂಬಿ ಹೂ ಬಿಟ್ಟಿತ್ತು. ಬಾಳೆಯಲ್ಲಿ ಗೊನೆ ಇತ್ತು. ಒಂದು ಬೆಳಿಗ್ಗೆ ಸಾಹೇಬರ ಫೋನು.

"ರಾಘಮ್ಮ, ಮ್ಯಾಲೆಲ್ಲಾ ಜೋರು ಮಳಿ ಆಗೈತಿ. ಸಂಜಿ ಅನ್ನೂದರಾಗ ಹೊಳಿ ತುಂಬತೈತಿ. ಗಡ್ಡಿ ಮ್ಯಾಲ ಒಂದು ಜೀವಾನೂ ಇರಬಾರದು. ಗದ್ವಾಲದಿಂದ ಮೋಟಾರು ದೋಣಿ ಕಳಸಾಕ ಹೇಳೀನಿ, ಬರೂತನಕ ಕಾಯಬ್ಯಾಡ್ರಿ."

ಸಾಬವ್ವನ ಫೋನು ಹತ್ತಲಿಲ್ಲ. ನಾನು ದಂಡೆಗೆ ಬಂದಾಗ ನೀರಿನ ಬಣ್ಣ ಬದಲಾಗಿತ್ತು, ಕೆಂಪು. ಮೇಲಿನಿಂದ ಬುಡಸಮೇತ ಗಿಡಗಳು ತೇಲಿ ಬರುತ್ತಿದ್ದವು. ಮೈಲಾರಪ್ಪ ದಂಡೆಯಲ್ಲಿ ನಿಂತು ಅವಳ ಹೆಸರು ಹಿಡಿದು ಕೂಗುತ್ತಿದ್ದ. ನದಿಯ ಸದ್ದಿನಲ್ಲಿ ಅವನ ದನಿ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳುತ್ತಿರಲಿಲ್ಲ.

"ಹೋಗೂದಾದ್ರ ಈಗ ಹೋಗಬೇಕ್ರಿ," ಎಂದ ಭೀಮಣ್ಣ.

ನಾನು ಹತ್ತಿದೆ. ಹರಗೋಲು ಬುಗುರಿಯಂತೆ ತಿರುಗುತ್ತ ಹೋಗಿ, ಎಂದಿನ ಜಾಗಕ್ಕಿಂತ ಬಹಳ ಕೆಳಗೆ ಗಡ್ಡಿಯ ತುದಿಗೆ ಬಡಿಯಿತು. ಸಾಬವ್ವ ಗುಡಿಯ ಕಟ್ಟೆಯ ಮೇಲೆ ಕುರಿಗಳನ್ನು ಕೂಡಿಹಾಕಿಕೊಂಡು ನಿಂತಿದ್ದಳು. ಬಾಳೆಯ ಸಾಲಿನಲ್ಲಿ ಆಗಲೇ ನೀರು ಮಿನುಗುತ್ತಿತ್ತು. ಪೇರಲ ಕೊಂಬೆಗಳಿಗೆ ಹಾವುಗಳು ಏರುತ್ತಿದ್ದವು. ನಾನು ದಾಟಿ ಹೋದದ್ದು ಅವುಗಳ ಕೆಳಗಿನಿಂದಲೇ.

"ಕುರಿ ಬಿಟ್ಟು ಬಾ ಸಾಬವ್ವ. ದೇವರು ನೋಡ್ಕೋತಾನ."

"ಹೊಳಿಯಿಂದ ದೇವರ ಗುಡಿಗೆ ಬರೂ ಮೆಟ್ಟಿಲ ಎರಡು ಮುಳುಗ್ಯಾವ್ರಿ," ಎಂದಳು. "ನೀರಿಗೆ ಅಂಜಿ ಇವು ನನ್ನ ಮಾತು ಕೇಳವಲ್ಲವು. ನೂಕಿದ್ರೂ ಹೊಂಡವಲ್ಲವು. ನಾ ಒಬ್ಬಾಕೀನ ಹೆಂಗ ಬರಲಿ?"

ನಾವಿಬ್ಬರೂ ಒಂದೊಂದನ್ನು ಹಿಡಿದು ಎಳೆದೆವು. ಎಳೆದದ್ದು ತಪ್ಪಿಸಿಕೊಂಡು ಮತ್ತೆ ಹಿಂಡಿಗೆ ನುಗ್ಗುತ್ತಿತ್ತು. ನೀರು ಒಂದೊಂದೇ ಕಲ್ಲನ್ನು ನುಂಗುತ್ತ ಮೇಲೇರುತ್ತಿತ್ತು. ಇನ್ನು ಅವಳನ್ನು ಬಲವಂತವಾಗಿ ಎಳೆದೊಯ್ಯಬೇಕು, ಇಲ್ಲವೇ ನಾನೂ ಇಲ್ಲೇ ಉಳಿಯಬೇಕು ಎಂದು ಯೋಚಿಸುತ್ತಿರುವಾಗ ಭೀಮಣ್ಣ ಕೂಗಿದ. ನದಿಯ ಮೇಲೆ ಇನ್ನೊಂದು ಹರಗೋಲು ಬರುತ್ತಿತ್ತು. ನಡೆಸುವವನು ಭೀಮಣ್ಣನ ತಮ್ಮ. ಅದರ ತಳದಲ್ಲಿ ಒಬ್ಬ ಮನುಷ್ಯ ಹೆಣದಂತೆ ನೀಟಾಗಿ ಮಲಗಿದ್ದ. ಮುಖದ ಮೇಲೆ ಟವೆಲ್.

ದಂಡೆಗೆ ಹಚ್ಚಿದಾಗಲೂ ಅವನು ಟವೆಲ್ ತೆಗೆಯಲಿಲ್ಲ. "ನೆಲ ಬಂತೇನು?" ಎಂದು ಕೇಳಿದ. ಬಂತು ಎಂದ ಮೇಲೆ, ಭೀಮಣ್ಣನ ತಮ್ಮ ಅವನನ್ನು ಎತ್ತಿ ಒಣನೆಲದ ಮೇಲೆ ನಿಲ್ಲಿಸಿದ. ಆಗ ಮೈಲಾರಪ್ಪ ಟವೆಲ್ ತೆಗೆದ. ಹೆಂಡತಿಯ ಕಡೆ ನೋಡಲಿಲ್ಲ. ಕೈಯನ್ನು ಬಾಯಿಗೆ ಹಿಡಿದು, ಕುರಿಗಳ ಕಡೆಗೆ ತಿರುಗಿ ಒಂದು ಕೂಗು ಹಾಕಿದ. ನಡುಗುವ ದನಿ, ಆದರೂ ಉದ್ದದ ಕೂಗು. ಹಿಂಡು ಒಮ್ಮೆಲೇ ಕಿವಿ ನಿಮಿರಿಸಿತು. ಕುಂಟುತ್ತ ಅವನು ಮುಂದೆ ನಡೆದ, ಅವು ಅವನ ಬೆನ್ನಿಗೇ ಬಂದವು.

ಎರಡು ಹರಗೋಲುಗಳು ಎಷ್ಟು ಸಲ ಹೋಗಿ ಬಂದವೋ ನಾನು ಲೆಕ್ಕ ಇಡಲಿಲ್ಲ. ಪ್ರತಿ ಸಲವೂ ಕುರಿಗಳನ್ನು ಹತ್ತಿಸುವ ತನಕ ಮೈಲಾರಪ್ಪ ಗಡ್ಡಿಯ ಮೇಲೆ ನಿಂತ. ಕೊನೆಯ ಹರಗೋಲಿನಲ್ಲಿ ನಾವು ಮೂವರೂ ಉಳಿದ ಕುರಿಗಳೂ ಇದ್ದೆವು. ನಡುನೀರಿನಲ್ಲಿ ತೇಲಿಬಂದ ಮರವೊಂದು ಅಂಚಿಗೆ ತಾಗಿತು. ಹರಗೋಲು ಒಂದು ಕಡೆ ವಾಲಿ ನೀರು ಕುಡಿಯಿತು. ಸಾಬವ್ವ ಕೊಡದಿಂದ ಮೊಗೆದು ಚೆಲ್ಲಿದಳು, ನಾನು ಬೊಗಸೆಯಿಂದ ಚೆಲ್ಲಿದೆ. ಕುರಿಯೊಂದು ನನ್ನ ತೊಡೆಯ ಮೇಲೆಯೇ ನಿಂತಿತ್ತು. ಮೈಲಾರಪ್ಪ ಟವೆಲ್‌ನ ಕೆಳಗಿನಿಂದ ಬೀರಪ್ಪನ ಹೆಸರು ಹೇಳುತ್ತಿದ್ದ. ನಾನು ರಾಯರ ಹೆಸರು ಹೇಳುತ್ತಿದ್ದೆ. ಹೊತ್ತು ಮುಳುಗುವ ಮೊದಲು ದಂಡೆ ಸಿಕ್ಕಿತು. ಮೋಟಾರು ದೋಣಿ ಇನ್ನೂ ದಾರಿಯಲ್ಲಿತ್ತು.

ಸಾಹೇಬರು ದಂಡೆಯಲ್ಲಿದ್ದರು. ಎಲ್ಲರೂ ತಿರುಗಿ ಗಡ್ಡಿಯ ಕಡೆ ನೋಡಿದೆವು. ಬಾಳೆ ಕಾಣುತ್ತಿರಲಿಲ್ಲ. ಪೇರಲ ಗಿಡಗಳ ತುದಿ ಮಾತ್ರ ನೀರಿನ ಮೇಲೆ ಅಲ್ಲಾಡುತ್ತಿತ್ತು, ಆಮೇಲೆ ಅದೂ ಕಾಣದಾಯಿತು.

"ಹೂ ಬಿಟ್ಟಿದ್ವು," ಎಂದಳು ಸಾಬವ್ವ. ಅಷ್ಟೇ.

ನೀರಿಳಿದ ಮೇಲೆ ಸಾಹೇಬರು ಮೊದಲ ಸಲ ಹರಗೋಲು ಹತ್ತಿದರು. ಕಣ್ಣುಮುಚ್ಚಿ ತುಟಿ ಅಲ್ಲಾಡಿಸುತ್ತ ಕುಳಿತಿದ್ದರು. ನನಗೆ ಅವರನ್ನು ಕಂಡು ಮರುಕವೂ ಆಯಿತು, ಒಳಗೊಳಗೇ ಸಮಾಧಾನವೂ ಆಯಿತು. ಗಡ್ಡಿಯ ಮೇಲೆ ಮೊಣಕಾಲುದ್ದ ಕೆಸರು. ಬಾಳೆಯ ಗುರುತಿಲ್ಲ. ಮೋಸಂಬಿ ಸತ್ತಿತ್ತು. ಪೇರಲ ಗಿಡಗಳು ಕೆಸರು ಮೆತ್ತಿಕೊಂಡು ಒಂದೇ ದಿಕ್ಕಿಗೆ ಬಾಗಿ ನಿಂತಿದ್ದವು, ಒಂದು ಎಲೆಯೂ ಇರಲಿಲ್ಲ. ಎಲ್ಲೋ ಸತ್ತ ಪ್ರಾಣಿಯ ನಾತ.

"ಇಲ್ಲಿ ಮತ್ತ ಬಾಗ್ ಮಾಡ್ರಿ ಅಂತ ನಾ ಹೇಳಂಗಿಲ್ಲ ಸಾಬವ್ವ," ಎಂದರು ಸಾಹೇಬರು. "ಈ ಕಡೆ ದಂಡಿಗೆ ಎಲ್ಲಿಯಾದ್ರೂ ನೆಲ ಕೇಳೋಣು. ಬರೀತೀನಿ."

ಸಾಬವ್ವ ಆಗಲೇ ಗಿಡಗಳ ಕಡೆ ಹೊರಟಿದ್ದಳು. ಒಂದು ಪೇರಲದ ಕಾಂಡದ ಕೆಸರು ಒರೆಸಿ, ಉಗುರಿನಿಂದ ಕೆರೆದಳು. ಇನ್ನೊಂದಕ್ಕೆ ಹೋದಳು, ಅದನ್ನೂ ಕೆರೆದಳು. ಸಾಲು ಹಿಡಿದು ಹಾಗೆಯೇ ಹೋದಳು. ತುದಿಯಿಂದ ಕೂಗಿ ಹೇಳಿದಳು, "ಒಳಗ ಹಸೀ ಅದಾವ್ರಿ!"

ಹೀಗೆ ತೋಟವನ್ನು ಎರಡನೆಯ ಸಲ ಹಾಕಿದೆವು. ಈ ಸಲ ನಕ್ಷೆ ಬರೆದದ್ದು ಕೆಸರಿನ ಗೆರೆ ನೋಡಿ. ನೀರು ಎಲ್ಲಿ ಹೆಚ್ಚು ಹೊತ್ತು ನಿಂತಿತ್ತೋ ಅಲ್ಲಿ ಮರ ಬೇಡ, ಹೊಳೆ ಇಳಿದ ಮೇಲೆ ಕಲ್ಲಂಗಡಿ, ಸೌತೆ. ಪೇರಲ ನಡುವಿಗೆ, ಸೀತಾಫಲ ಗುಡಿಯ ಸುತ್ತ ಕಲ್ಲುದಿಬ್ಬಕ್ಕೆ. ಮಳೆಗಾಲ ಶುರುವಾಗುವ ಮೊದಲೇ ಕುರಿಗಳು ಬಹುಪಾಲು ಈ ದಂಡೆಗೆ. ಇಂದು ಅಲ್ಲಿಗೆ ಸೋಲಾರ್ ಪಂಪು ಬಂದಿದೆ, ಹೊಳೆ ಏರುವ ಮುನ್ನ ಫೋನಿಗೆ ಸಂದೇಶ ಬರುತ್ತದೆ. ಮೈಲಾರಪ್ಪ ಗಡ್ಡಿಗೆ ಮರಳಿದ. ಆದರೆ ಕುಡಿಯುವ ನೀರಿಗೂ ದಂಡೆಗೆ ಇಳಿಯುವುದಿಲ್ಲ. ದಿಬ್ಬದ ಮೇಲೆ ಸೀತಾಫಲ ನೋಡಿಕೊಳ್ಳುತ್ತಾನೆ. ಅದಕ್ಕಾಗಿ ಸಾಬವ್ವ ಅವನನ್ನು ಒಂದು ಮಾತು ಆಡಿದ್ದು ನಾನು ಕೇಳಿಲ್ಲ.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಹೆದರಿಕೆ ಹೋಗುತ್ತದೆಂದು ಕಾಯಬೇಡಿ, ನನ್ನದು ಹೋಗಲಿಲ್ಲ. ಕೊನೆಯ ಸಲ ದಾಟಿದಾಗಲೂ ಅಂಚು ಹಿಡಿದ ಕೈ ಬೆವರಿತ್ತು. ಜೊತೆಗಿರುವವರಿಗೆ ಅದನ್ನು ಹೇಳಿಬಿಡಿ. ಹೇಳಿದರೆ ಅವರು ನಿಮ್ಮನ್ನು ಎಲ್ಲಿ ಹಿಡಿಯಬೇಕೆಂದು ತಿಳಿದಿರುತ್ತಾರೆ.

ನಿವೃತ್ತಿಯಾದರೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಮಳೆಗಾಲದಲ್ಲಿ ಟಿವಿಯಲ್ಲಿ ಕೃಷ್ಣೆಯ ಸುದ್ದಿ ಬಂತೆಂದರೆ ನನಗೆ ಅನ್ನ ಸೇರುವುದಿಲ್ಲ. ಈ ವರ್ಷ ಅಂಥ ಒಂದು ದಿನ ಬೆಳಿಗ್ಗೆಯಿಂದ ಫೋನು ಹಚ್ಚಿದೆ. ಮೊದಲು ರಿಂಗಾಯಿತು, ಆಮೇಲೆ ಬಂದ್ ಆಯಿತು. ಭೀಮಣ್ಣ ಈಗಿಲ್ಲ, ಅವನ ತಮ್ಮನದೂ ಹತ್ತಲಿಲ್ಲ. ನಮ್ಮ ಯಜಮಾನರು ಎರಡು ಸಲ ಊಟಕ್ಕೆ ಕರೆದು, ತಟ್ಟೆ ಮುಚ್ಚಿಟ್ಟು, ತಾವೂ ಉಣ್ಣದೆ ಬಂದು ನನ್ನ ಪಕ್ಕ ಕುಳಿತರು. ಇಬ್ಬರೂ ಟಿವಿ ನೋಡುತ್ತಿದ್ದೆವು, ಅದರಲ್ಲಿ ಕೆಂಪುನೀರು ಬಿಟ್ಟು ಬೇರೇನೂ ಇರಲಿಲ್ಲ. ಮಧ್ಯಾಹ್ನ ಇಳಿದ ಮೇಲೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಗಾಳಿಯ ಸದ್ದು, ಕುರಿಗಳ ಸದ್ದು.

"ಅಕ್ಕಾರ, ಸಾಬವ್ವರಿ. ನನ್ನ ಫೋನು ನೀರಾಗ ಬಿತ್ತು, ಇದು ಯಾರದೋ ಐತಿ. ಉಂಡ್ರೇನ್ರಿ?"

"ಇನ್ನಾ ಇಲ್ಲ."

"ಗೊತ್ತಿತ್ತು ನನಗ. ಉಣ್ಣಾಕ ಹೋಗ್ರಿ. ಗಿಡ ಮುಳುಗ್ಯಾವ್ರಿ. ನಾವು ಅದೀವಿ."